ಒಂದು ಬುಧವಾರ, ಎರಡು ಪದವಿ, ತೊಂಬತ್ನಾಲ್ಕು ಮೈಲಿ

ಪಿಯೆದ್ರಾ ರೋಹಾ, ನ್ಯೂ ಮೆಕ್ಸಿಕೊ
೨೩ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಮಗಳು ಯಾರೆಲಿಗೆ,

ಕಾಲೇಜಿನವರು ಕೊಟ್ಟ ಮಾತುಗಳು ಇವು. ಎರಡು ವರ್ಷ ಓದಿದರೆ ಎರಡು ಪದವಿ ಒಟ್ಟಿಗೇ ಕೈಗೆ ಬರುತ್ತವೆ: ನಮ್ಮೂರ ಕಮ್ಯುನಿಟಿ ಕಾಲೇಜಿನಿಂದ ನರ್ಸಿಂಗಿನ ಅಸೋಸಿಯೇಟ್ ಪದವಿ, ವಿಶ್ವವಿದ್ಯಾಲಯದಿಂದ ನರ್ಸಿಂಗಿನ ಬ್ಯಾಚುಲರ್ ಪದವಿ. ವಿಶ್ವವಿದ್ಯಾಲಯದ ಪಾಠಕ್ಕೆ ನಾವು ಎಲ್ಲಿಗೂ ಹೋಗಬೇಕಾಗಿಲ್ಲ, ಪ್ರೊಫೆಸರೇ ಪ್ರತಿ ಬುಧವಾರ ನಮ್ಮೂರಿಗೆ ಬರುತ್ತಾರೆ. ಮನೆ ಬಿಡಬೇಕಾಗಿಲ್ಲ, ಕೆಲಸ ಬಿಡಬೇಕಾಗಿಲ್ಲ. ಮೊದಲ ದಿನ ಸೇರಿದವರು ಕೊನೆಯ ದಿನದವರೆಗೂ ಜೊತೆಗೇ ಇರುತ್ತಾರೆ.

ಕಿತ್ತುಕೊಂಡದ್ದು ಇವು. ಜನವರಿಯಿಂದ ಪ್ರೊಫೆಸರ್ ಬರುವುದಿಲ್ಲ. ಬುಧವಾರದ ಪಾಠ ವಿಶ್ವವಿದ್ಯಾಲಯದ ಊರಿನಲ್ಲೇ ನಡೆಯುತ್ತದೆ, ತೊಂಬತ್ನಾಲ್ಕು ಮೈಲಿ ಆಚೆ. ಬಸ್ಸಿಲ್ಲ. ಹೋಗಲಾಗದವರು ಸದ್ಯಕ್ಕೆ ಚಿಕ್ಕ ಪದವಿ ತೆಗೆದುಕೊಂಡು, ದೊಡ್ಡದನ್ನು ಆಮೇಲೆ ಅನುಕೂಲವಾದಾಗ ಮಾಡಿಕೊಳ್ಳಬಹುದು. ನಾಲ್ಕು ಸೆಮಿಸ್ಟರಿನಲ್ಲಿ ಮೂರನ್ನು ಮುಗಿಸುತ್ತಿರುವ ಹದಿನಾಲ್ಕು ಜನಕ್ಕೆ ಇದನ್ನು ಕಾಲೇಜಿನ ಡೀನ್ ಎಂಟು ಸಾಲಿನ ಈಮೇಲಿನಲ್ಲಿ ಹೇಳಿದರು. ಎಂಟನೆಯ ಸಾಲು: ನಿಮ್ಮ ದಿನ ಶುಭವಾಗಿರಲಿ.

ತಡಿ, ತಡಿ. ಹಡೆದವಳು ಮೊದಲು ಕೇಳಬೇಕಾದದ್ದು ಮಗಳ ಕ್ಷೇಮ. ನಾನು ಇಷ್ಟು ವರ್ಷ ಕೈಯಲ್ಲಿ ಬರೆದದ್ದೆಲ್ಲ ಯೂನಿಯನ್ನಿನ ದೂರುಗಳೇ ಆದ್ದರಿಂದ ಪೆನ್ನು ತನ್ನಷ್ಟಕ್ಕೆ ಆ ಕಡೆ ಓಡಿತು. ಹೇಗಿದ್ದೀಯ ಕಂದಾ? ಹಿಮ್ಮಡಿಯ ಬೊಕ್ಕೆ ಒಣಗಿತಾ? ಒಡೆಯಬೇಡ. ಒಡೆದರೂ ಮೇಲಿನ ಚರ್ಮ ಕೀಳಬೇಡ, ತೆಳು ಕಾಲುಚೀಲದ ಮೇಲೆ ದಪ್ಪದ್ದು ಹಾಕು, ಸುತ್ತ ಕೆಂಪಗಾಗಿ ಬಿಸಿ ಅನ್ನಿಸಿದರೆ ತರಬೇತಿ ಶಿಬಿರದ ಡಾಕ್ಟರ ಹತ್ತಿರ ಹೋಗಿ ಗಟ್ಟಿಯಾಗಿ ಹೇಳು. ನೌಕಾಪಡೆಯಲ್ಲಿ ಕಾಲುನೋವು ಹೇಳಿಕೊಂಡರೆ ಮರ್ಯಾದೆ ಹೋಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವರಿಗೆ ಕೊಳೆತ ಹಿಮ್ಮಡಿ ನೋಡಿ ಗೊತ್ತಿಲ್ಲ, ನನಗೆ ಗೊತ್ತಿದೆ. ಅಲ್ಲಿ ಫೋನು ಕಿತ್ತಿಟ್ಟುಕೊಂಡು ಕಾಗದ ಮಾತ್ರ ಬಿಡುತ್ತಾರೆ ಎಂದಾಗ ನಾನು ಬೈದಿದ್ದೆ. ಈಗ ನಿನ್ನ ಕೈಬರಹದ ಎರಡು ಪುಟ ಬಂದ ಮೇಲೆ ಬೈಗುಳವನ್ನು ಅರ್ಧಕ್ಕೆ ಇಳಿಸಿದ್ದೇನೆ. ನಿಮ್ಮ ಕಮಾಂಡರ್ ಕೂಗುವುದು ಅಜ್ಜಿ ಶಾಲೆಗೆ ಎಬ್ಬಿಸುತ್ತಿದ್ದ ಹಾಗೇ ಇದೆ ಎಂದು ಬರೆದಿದ್ದೀಯಲ್ಲ, ಅದನ್ನು ಅಜ್ಜಿಗೆ ಓದಿ ಹೇಳಿದೆ. ಹಿರಿಹಿರಿ ಹಿಗ್ಗಿಬಿಟ್ಟಳು. "ನೋಡ್ದಾ, ಸರ್ಕಾರ ಸಂಬಳ ಕೊಟ್ಟು ಮಾಡ್ಸೋ ಕೆಲ್ಸಾನ ನಾನು ಪುಕ್ಕಟೆ ಮಾಡ್ದೆ" ಅಂದಳು.

ಅಜ್ಜಿ ಗಟ್ಟಿಯಾಗಿದ್ದಾಳೆ. ನನ್ನ ಓದಿಗೆ ಅವಳೇ ಪಾಠಶಾಲೆ. ಪ್ರತಿ ಪರೀಕ್ಷೆಗೂ ಮುಂಚೆ ಅವಳ ರಕ್ತದೊತ್ತಡ ಆರು ಸಲ ನೋಡುತ್ತೇನೆ, ಶ್ವಾಸದ ಸದ್ದು ಹಿಂದೆ ಮುಂದೆ ಆಲಿಸುತ್ತೇನೆ, ಕಣ್ಣಿಗೆ ದೀಪ ಬಿಡುತ್ತೇನೆ. ಮೊನ್ನೆ ಹೊಟ್ಟೆ ಒತ್ತಿ ನೋಡಲು ಹೋದಾಗ ಕೈ ಕೊಡವಿದಳು: "ಒಟಿಲಿಯಾ, ಇದು ನೀನು ಹುಟ್ಟಿ ಬಂದ ಹೊಟ್ಟೆ ಕಣೇ, ರೊಟ್ಟಿ ಹಿಟ್ಟಲ್ಲ!" ಆದರೂ ಅಕ್ಕಪಕ್ಕದವರಿಗೆಲ್ಲ ತನ್ನ ರಕ್ತದೊತ್ತಡ ನೂರ ಮೂವತ್ತರ ಮೇಲೆ ಎಪ್ಪತ್ತಾರು ಎಂದು ಹೇಳಿಕೊಂಡು ತಿರುಗುತ್ತಾಳೆ, ಏನೋ ಬಹುಮಾನ ಬಂದ ಹಾಗೆ. ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಟರ್ಕಿ ಕೋಳಿ ಬೇಡ, ಕೆಂಪು ಮೆಣಸಿನ ತಮಾಲೆ ಕಡುಬು ಮಾತ್ರ ಮಾಡುತ್ತಾಳಂತೆ. ನಿನ್ನ ಪಾಲಿನ ಹನ್ನೆರಡನ್ನು ಫ್ರೀಜರಿನಲ್ಲಿ ಇಡುತ್ತಾಳಂತೆ. ಆ ಹನ್ನೆರಡರ ಮೇಲೆ ನನ್ನ ಕಣ್ಣು ಬೀಳದಂತೆ ಹೆಸರು ಬೇರೆ ಬರೆಯುತ್ತಾಳಂತೆ.

ಈಗ ತಪ್ಪೊಪ್ಪಿಗೆ. ಅಕ್ಟೋಬರಿನಲ್ಲಿ, ನೌಕಾಪಡೆಯ ಭರ್ತಿ ಕಚೇರಿಯ ಮುಂದೆ, ನಿನ್ನ ವ್ಯಾನು ಹೊರಡುವ ಮುಂಚೆ ನೀನು ನನ್ನ ಎರಡೂ ಕೆನ್ನೆ ಹಿಡಿದು ಹೇಳಿದ್ದೆ: "ಅಮ್ಮಾ, ಮೇ ತಿಂಗಳವರೆಗೂ ಬಾಯಿಗೆ ಬೀಗ ಹಾಕ್ಕೊ. ಎರಡೂ ಡಿಗ್ರಿ ಕೈಗೆ ಬರ್ಲಿ, ಆಮೇಲೆ ಯಾರ ಮೇಲ್ ಬೇಕಾದ್ರೂ ಕೂಗಾಡು. ಈ ಒಂದ್ಸಲ ನಿನಗೋಸ್ಕರ ಸುಮ್ನಿರು." ನಾನು ಹೂಂ ಅಂದಿದ್ದೆ. ಮನಸ್ಸಿನಿಂದಲೇ ಅಂದಿದ್ದೆ. ವೃದ್ಧಾಶ್ರಮದಲ್ಲಿ ಇಪ್ಪತ್ತೊಂದು ವರ್ಷ ಆಯಾ ಕೆಲಸ, ಅದರಲ್ಲಿ ಹದಿಮೂರು ವರ್ಷ ಯೂನಿಯನ್ನಿನ ಮುಂದಾಳು. ರೋಗಿಯನ್ನು ಎತ್ತುವ ಯಂತ್ರಕ್ಕಾಗಿ ಜಗಳ, ಕೈಗವಸಿಗಾಗಿ ಜಗಳ, ಊಟದ ಅರ್ಧ ಗಂಟೆಗಾಗಿ ಜಗಳ. ಇನ್ನು ಸಾಕು, ನಾನೂ ಒಂದು ಸಲ ಬರೀ ವಿದ್ಯಾರ್ಥಿನಿಯಾಗಿ, ಪೆನ್ಸಿಲು ಚೂಪು ಮಾಡಿಕೊಂಡು, ಮುಂದಿನ ಬೆಂಚಿನಲ್ಲಿ ಕೂತುಬಿಡೋಣ ಅನ್ನಿಸಿತ್ತು. ನಿನ್ನ ಮಾತನ್ನು ಹನ್ನೊಂದು ದಿನ ಉಳಿಸಿಕೊಂಡೆ. ಹನ್ನೆರಡನೆಯ ದಿನ ಆ ಈಮೇಲ್ ಬಂತು.

ಆ 'ಆಮೇಲೆ' ಅನ್ನುವ ಪದ ನೋಡಿದ್ದೇ ನನ್ನ ಕಿವಿ ಕಾದವು. ಅದು ನನಗೆ ಹಳೆಯ ಪರಿಚಯ. ಇಪ್ಪತ್ತನಾಲ್ಕು ವರ್ಷದವಳಿದ್ದಾಗ ನರ್ಸಿಂಗ್ ಅರ್ಜಿ ಹಿಡಿದು ಹೋದೆ, ಆಮೇಲೆ ಬಾ ಅಂದರು. ನೀನು ಹೊಟ್ಟೆಯಲ್ಲಿದ್ದೆ, ಆಮೇಲೆ ಅಂತ ನಾನೇ ಅಂದುಕೊಂಡೆ. ನಿಮ್ಮಪ್ಪ ಹೋದ ಮೇಲೆ ಎರಡು ಪಾಳಿ, ಆಮೇಲೆ. ಈಗ ನನಗೆ ನಲವತ್ತಾರು. ಬ್ಯಾಚುಲರ್ ಪದವಿ ನನಗೆ ಗೋಡೆಗೆ ನೇತುಹಾಕಲು ಬೇಕಾಗಿಲ್ಲ ಎಂದು ನಿನಗೆ ಗೊತ್ತಿದೆ. ಕೌಂಟಿಯ ಸಾರ್ವಜನಿಕ ಆರೋಗ್ಯ ನರ್ಸಿನ ಕುರ್ಚಿ ಮೂರು ವರ್ಷದಿಂದ ಖಾಲಿ ಬಿದ್ದಿದೆ. ಬ್ಯಾಚುಲರ್ ಪದವಿ ಇಲ್ಲದವರು ಅರ್ಜಿಯನ್ನೇ ಹಾಕುವಂತಿಲ್ಲ. ಕಣಿವೆಯ ಮೇಲಿನ ಮನೆಗಳಲ್ಲಿ ಗಣಿಯ ಧೂಳು ತಿಂದ ಮುದುಕರು ಆಮ್ಲಜನಕದ ಬಾಟಲಿ ಪಕ್ಕದಲ್ಲಿಟ್ಟುಕೊಂಡು, ಇವತ್ತು ನರ್ಸ್ ಬರುತ್ತಾಳೆ, ನಾಳೆ ಬರುತ್ತಾಳೆ ಎಂದು ಕಿಟಕಿ ನೋಡುತ್ತಾರೆ. ನಿಮ್ಮ ತಾತನೂ ಹಾಗೆ ನೋಡುತ್ತಲೇ ಹೋದ. ಆ ಬಾಗಿಲುಗಳನ್ನು ತಟ್ಟುವವಳು ನಾನಾಗಬೇಕು. ತೊಂಬತ್ನಾಲ್ಕು ಮೈಲಿಗೆ ನಾನು ಸೋತರೆ ಆ ಕುರ್ಚಿ ಇನ್ನೂ ಖಾಲಿ ಇರುತ್ತದೆ. ಇಷ್ಟೇ ವಿಷಯ. ಉಳಿದದ್ದೆಲ್ಲ ನಗೆಪಾಟಲು, ಓದು.

ಈಮೇಲ್ ಬಂದ ಮಧ್ಯಾಹ್ನ ಹದಿನಾಲ್ಕು ಜನವೂ ಅಭ್ಯಾಸದ ಕೋಣೆಯಲ್ಲಿ ಸೇರಿದೆವು. ಅಲ್ಲಿ ಆರು ಮಂಚ, ಆರು ಪ್ಲಾಸ್ಟಿಕ್ ರೋಗಿಗಳು. ನಾನು ಒಳಗೆ ಹೋದ ತಕ್ಷಣ ಹಳೆಯ ಚಾಳಿಯಂತೆ ಒಂದು ಗೊಂಬೆಯ ಹೊದಿಕೆ ಎಳೆದು ಸರಿಮಾಡಿದೆ. ಎಲ್ಲರೂ ನಕ್ಕರು. ಲೆಲ್ಯಾಂಡ್ ತ್ಸೊಸಿಯ ಬಗ್ಗೆ ಹೇಳಿದ್ದೆನಲ್ಲ, ಮೊದಲು ಗಣಿಯಲ್ಲಿ ದೊಡ್ಡ ಲಾರಿ ಓಡಿಸುತ್ತಿದ್ದ ನವಾಹೋ ಬುಡಕಟ್ಟಿನ ಹುಡುಗ, ಮೆತ್ತಗೆ ಮಾತಾಡುತ್ತಾನೆ, ಮಾತಿನ ಕೊನೆಗೆ ಕಚ್ಚುತ್ತಾನೆ. ಅವನು ಮಂಚಗಳ ಕಡೆ ಕೈತೋರಿಸಿ, "ಇವ್ರನ್ನೂ ಸೇರಿಸ್ಕೊಂಡ್ರೆ ನಾವು ಇಪ್ಪತ್ತು ಜನ. ಡೀನ್‌ಗೆ ಯಾರು ಯಾರು ಅಂತ ಗೊತ್ತಾಗಲ್ಲ, ಇವ್ರೂ ಎದುರು ಮಾತಾಡಲ್ಲ" ಅಂದ. ಬ್ರಿಸೇಯ್ದಾ, ಇಪ್ಪತ್ಮೂರು ವರ್ಷದ ಪಟಾಕಿ, ಸೊಂಟದ ಮೇಲೆ ಹಾಲುಗೂಸು, ನೇರ ಡೀನ್ ಕೋಣೆಗೆ ನುಗ್ಗೋಣ ಎಂದು ಎದ್ದೇಬಿಟ್ಟಳು. ನಾನು ತಡೆದು, ನುಗ್ಗುವುದಲ್ಲ, ಪಾಠಕ್ಕೆ ಬಹಿಷ್ಕಾರ ಹಾಕೋಣ, ಗೇಟಿನಲ್ಲಿ ಕೂರೋಣ ಅಂದೆ. ನಮ್ಮಮ್ಮ ಗಣಿ ಮುಷ್ಕರದಲ್ಲಿ ಕೂತಿದ್ದಳು, ನಾನು ಆಶ್ರಮದ ಮುಂದೆ ಕೂತಿದ್ದೆ, ನಮ್ಮ ಮನೆತನಕ್ಕೆ ಗೊತ್ತಿರುವುದು ಅದೇ. ಲೆಲ್ಯಾಂಡ್ ತಲೆ ಕೆರೆದುಕೊಂಡ. "ಅಕ್ಕಾ, ಕೆಲಸಗಾರ್ರು ಬರ್ದೇ ಇದ್ರೆ ಗಣಿ ನಿಲ್ಲುತ್ತೆ. ನಾವು ಬರ್ದೇ ಇದ್ರೆ ಏನ್ ನಿಲ್ಲುತ್ತೆ? ಎರಡು ಗೈರುಹಾಜರಿ ಆದ್ರೆ ಇಲ್ಲೂ ಹೆಸರು ಹೊಡೀತಾರೆ, ಅಲ್ಲೂ ಹೊಡೀತಾರೆ. ಅವ್ರ ಕೆಲಸ ನಾವೇ ಮಾಡ್ಕೊಟ್ಟಂಗೆ."

ಹೌದಲ್ಲ! ಎರಡು ಪದವಿ ಒಟ್ಟಿಗೆ ಓದುವವನ ಕೊರಳಿಗೆ ಎರಡು ಹಗ್ಗ. ಒಂದು ಕಡೆ ಜಗ್ಗಿದರೆ ಇನ್ನೊಂದು ಬಿಗಿಯುತ್ತದೆ. ಅಮ್ಮನಿಂದ ಕಲಿತ ಆಯುಧ ಇಲ್ಲಿ ನಡೆಯುವುದಿಲ್ಲ ಎಂದು ತಿಳಿದ ಆ ಕ್ಷಣ, ಮಗಳೇ, ನನಗೆ ನಿಜವಾಗಿ ಭಯವಾಯಿತು.

ಆಯುಧ ಬಂದದ್ದು ಯಾರೂ ನೆನೆಸದ ಕಡೆಯಿಂದ. ಬುಧವಾರದ ಪ್ರೊಫೆಸರ್ ವಿನ್‌ಸ್ಲೋ ಅವರನ್ನು ನೀನು ನೋಡಿಲ್ಲ. ಒಣಗಿದ ಕಡ್ಡಿಯಂಥ ಹೆಂಗಸು, ಅರವತ್ತು ದಾಟಿದೆ, ನಗುವುದು ತಿಂಗಳಿಗೊಮ್ಮೆ. ತೊಂಬತ್ನಾಲ್ಕು ಮೈಲಿಯನ್ನು ಪ್ರತಿವಾರ ತಾವೇ ಕಾರು ಓಡಿಸಿಕೊಂಡು ಬಂದು, ಫ್ಲಾಸ್ಕಿನ ಚಹಾ ಕುಡಿದು, ಸಮುದಾಯ ಆರೋಗ್ಯ ಎಂಬ ಪಾಠ ಮಾಡುತ್ತಾರೆ. ಪಾಠ ನಿಲ್ಲಿಸುವ ವಿಷಯ ಅವರನ್ನೂ ಕೇಳಿರಲಿಲ್ಲವಂತೆ. ಆದರೆ ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಂದವರೇ ಸೆಮಿಸ್ಟರಿನ ದೊಡ್ಡ ಕೆಲಸ ಕೊಟ್ಟರು. ಒಂದು ಸಮುದಾಯವನ್ನು ಆರಿಸಿಕೊಳ್ಳಬೇಕು, ಕಾರಿನಲ್ಲಿ ಕೂತು ಅದರ ಉದ್ದಗಲ ಸುತ್ತಬೇಕು, ಮುಂದಿನ ಗಾಜಿನಿಂದ ಕಂಡದ್ದನ್ನೆಲ್ಲ ಬರೆಯಬೇಕು, ಜನರನ್ನು ಮಾತಾಡಿಸಬೇಕು, ಕೊನೆಗೆ ಆ ಸಮುದಾಯಕ್ಕೆ ನರ್ಸ್ ಬರೆಯುವಂಥ ನಿದಾನ, ಅಂದರೆ ತೊಂದರೆ ಏನು ಎಂಬ ತೀರ್ಮಾನ, ಬರೆಯಬೇಕು. ಯಾವ ಸಮುದಾಯ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಬ್ರಿಸೇಯ್ದಾಳ ಸರದಿ ಬಂದಾಗ ಕೂಸಿನ ಬಾಯಿಗೆ ಬಿಸ್ಕತ್ತು ತುರುಕಿ, "ನಾವು. ಎರಡು ಡಿಗ್ರಿ ಒಟ್ಟಿಗೆ ಓದೋ ಈ ಹದಿನಾಲ್ಕು ಜನ. ಎಲ್ಲಾರೂ ಸೇರಿ ಒಂದೇ ವರದಿ" ಅಂದಳು. ಪ್ರೊಫೆಸರ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು, ಸುರಿದರು, ಕುಡಿದರು. "ಸಮುದಾಯ ಅಂದ್ರೇನು ಅಂತ ಪುಸ್ತಕದ ಎರಡನೇ ಅಧ್ಯಾಯದಲ್ಲಿದೆ. ನೀವು ಅದಕ್ಕೆ ಹೊಂದ್ತೀರಿ ಅಂತ ಮೊದಲನೇ ಪುಟದಲ್ಲೇ ಸಾಬೀತು ಮಾಡಿ. ಮಾಡದಿದ್ರೆ ಸೊನ್ನೆ" ಅಂದರು. ಮುಂದಿನವರ ಕಡೆ ತಿರುಗಿದರು.

ಆ ಶನಿವಾರ ಲೆಲ್ಯಾಂಡನ ಟ್ರಕ್ಕಿನಲ್ಲಿ ಹೊರಟೆವು. ನಾನು, ಬ್ರಿಸೇಯ್ದಾ, ಅವಳ ಕೂಸು. ಬೀನ್ಸ್ ಕಾಳು ಮತ್ತು ಹಸಿಮೆಣಸು ತುಂಬಿದ ಬುರಿಟೋ ರೊಟ್ಟಿ ಕಟ್ಟಿಕೊಟ್ಟ ಅಜ್ಜಿ, ಕಟ್ಟಿಕೊಟ್ಟವಳು ತಿನ್ನದೆ ಇರಲಾಗುತ್ತದೆಯೇ ಎಂದು ತಾನೂ ಹತ್ತಿ ಕೂತಳು. ಲೆಲ್ಯಾಂಡ್ ಮೈಲಿ ಓದುತ್ತಿದ್ದ, ನಾನು ಬರೆಯುತ್ತಿದ್ದೆ. ಪೆಟ್ರೋಲ್ ಬಂಕು ಇಲ್ಲದ ದಾರಿ ಅರವತ್ತೆರಡು ಮೈಲಿ. ಫೋನಿಗೆ ಸಿಗ್ನಲ್ ಇಲ್ಲದ್ದು ನಲವತ್ತೊಂದು ಮೈಲಿ. ಕಣಿವೆ ದಾಟುವ ತಿರುವಿನಲ್ಲಿ ಹೋದ ಚಳಿಗಾಲ ಹಿಮ ಬಿದ್ದು ರಸ್ತೆ ಮುಚ್ಚಿದ ಬುಧವಾರಗಳು ಐದು. ಅದನ್ನು ರಸ್ತೆ ಇಲಾಖೆಯವನೇ ದಾಖಲೆ ತೆಗೆದು ಹೇಳಿದ. ಒಂದು ಕಡೆಗೆ ಎರಡು ಗಂಟೆ ಹತ್ತು ನಿಮಿಷ, ಅಜ್ಜಿ ಮೂತ್ರಕ್ಕೆ ಇಳಿದದ್ದು ಬಿಟ್ಟು. ಇನ್ನೊಂದು ಅಂಕಿ ಯಾರ ತಲೆಗೂ ಹೊಳೆದಿರಲಿಲ್ಲ, ಅದನ್ನು ಕೊಟ್ಟವಳು ಅಜ್ಜಿ. ಅಪಘಾತದಲ್ಲಿ ಸತ್ತವರಿಗಾಗಿ ಮನೆಯವರು ರಸ್ತೆ ಬದಿ ನೆಟ್ಟ ಶಿಲುಬೆ ಕಂಡಾಗಲೆಲ್ಲ ಅವಳು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಳ್ಳುತ್ತಾಳಲ್ಲ. ಅರ್ಧ ದಾರಿಯಲ್ಲಿ ಬ್ರಿಸೇಯ್ದಾ ಕೇಳಿದಳು, "ಅಜ್ಜೀ, ಆಗ್ಲಿಂದ ಕೈ ಆಡಿಸ್ತಾನೇ ಇದೀಯಲ್ಲ, ನೊಣ ಓಡಿಸ್ತಿದೀಯಾ?" ಅಜ್ಜಿ ಗುರಾಯಿಸಿ, "ಹದಿನಾರಾಯ್ತು. ನಿನ್ನ ಕಣ್ಣು ಏನ್ ನೋಡ್ತಿದೆ?" ಅಂದಳು. ಆ ಊರು ತಲುಪುವಷ್ಟರಲ್ಲಿ ಇಪ್ಪತ್ಮೂರು. ಅದೂ ವರದಿಗೆ ಹೋಯಿತು. ಮಾಹಿತಿಯ ಮೂಲ: ಎನ್ಕಾರ್ನಸಿಯಾನ್ ಬರ್ರಾಸಾ, ವಯಸ್ಸು ಎಪ್ಪತ್ತೆಂಟು, ಟ್ರಕ್ಕಿನ ಹಿಂದಿನ ಸೀಟು.

ಬರೆಯುವ ಭಾರ ನನ್ನ ಮೇಲೆ ಬಿತ್ತು, ಯೂನಿಯನ್ನಿನಲ್ಲಿ ಕರಪತ್ರ ಬರೆದವಳು ಎಂದು. ನಾನು ಕುದಿಯುತ್ತಿದ್ದೆ. ಒಂದೇ ಉಸಿರಿಗೆ ಬರೆದೆ: ರೋಗ, ಮಾತು ತಪ್ಪುವ ಜಾಡ್ಯ, ಮೂರನೆಯ ಹಂತ. ರೋಗಿ, ಕಾಲೇಜಿನ ಆಡಳಿತ. ಲಕ್ಷಣ, ನಾಚಿಕೆಯ ನರ ಸಂಪೂರ್ಣ ಸತ್ತಿರುವುದು. ಮದ್ದು, ಡೀನರ ಕುರ್ಚಿಗೆ ಶಸ್ತ್ರಚಿಕಿತ್ಸೆ. ಹದಿಮೂರೂ ಜನ ಓದಿ ಬಿದ್ದು ಬಿದ್ದು ನಕ್ಕರು, ಲೆಲ್ಯಾಂಡ್ ಶಸ್ತ್ರಚಿಕಿತ್ಸೆಯ ಚಿತ್ರವನ್ನೂ ಬರೆದ. ಕರಡು ತೋರಿಸಲು ಹೋದೆ. ಪ್ರೊಫೆಸರ್ ಕೆಂಪು ಪೆನ್ನಿನಲ್ಲಿ ಮೇಲಿಂದ ಕೆಳಗೆ ಒಂದೇ ಗೀಟು ಎಳೆದರು. ನನ್ನ ಮುಖ ನೋಡಿ ಹೇಳಿದರು: "ಒಟಿಲಿಯಾ, ನರ್ಸ್ ರೋಗದ ಹೆಸರು ಹೇಳಲ್ಲ. ಅದು ಡಾಕ್ಟರ್ ಕೆಲಸ. ನರ್ಸ್ ಮೂರೇ ಮಾತು ಹೇಳ್ತಾಳೆ. ಈ ಮನುಷ್ಯನಿಗೆ ಏನು ತೊಂದ್ರೆ ಆಗ್ತಿದೆ, ಯಾತರಿಂದ ಆಗ್ತಿದೆ, ನಿನಗೆ ಹೇಗೆ ಗೊತ್ತಾಯ್ತು. ನಿಮ್ಮಲ್ಲಿ ರೋಗಿ ಯಾರು? ಕಾಲೇಜಾ, ನೀವಾ?"

ನನಗೆ ಸಿಟ್ಟು ಬಂತು. ಇವರೂ ಅವರ ಕಡೆಯವರೇ ಅಂದುಕೊಂಡೆ. ಮನೆಗೆ ಬಂದು ಪಾತ್ರೆ ತೊಳೆಯುತ್ತ ತಟ್ಟೆ ಕುಕ್ಕಿದೆ, ಅಜ್ಜಿ ತಟ್ಟೆ ಎಣಿಸಿದಳು. ಆದರೆ ಆ ಪ್ರಶ್ನೆ ಬಿಡಲಿಲ್ಲ. ನಾನು ಬರೆದದ್ದರಲ್ಲಿ ಡೀನ್ ಇದ್ದರು, ಕುರ್ಚಿ ಇತ್ತು, ನನ್ನ ಸಿಟ್ಟಿತ್ತು. ಹಾಲುಗೂಸನ್ನು ಕಟ್ಟಿಕೊಂಡು ತಿರುವು ದಾಟಬೇಕಾದ ಬ್ರಿಸೇಯ್ದಾ ಇರಲಿಲ್ಲ. ಹದಿನಾಲ್ಕು ಜನರ ಹಾಜರಾತಿ ಪಟ್ಟಿ, ಆಸ್ಪತ್ರೆಯ ತರಬೇತಿಯ ಪಟ್ಟಿ, ವಿಶ್ವವಿದ್ಯಾಲಯದ ಹೊಸ ಪಟ್ಟಿ, ಎಲ್ಲವನ್ನೂ ಅಡುಗೆಮನೆಯ ಮೇಜಿನ ಮೇಲೆ ಹರಡಿ ಕೂತೆ. ಒಂದು ಪಟ್ಟಿಯ ಮೇಲೆ ಇನ್ನೊಂದನ್ನು ಇಟ್ಟೆ. ಅಲ್ಲಿ ಬಿದ್ದಿತ್ತು! ಇಷ್ಟು ದಿನ ನಾವೆಲ್ಲ ದೂರವನ್ನೇ ಬೈಯುತ್ತ ಗಡಿಯಾರ ನೋಡಿರಲಿಲ್ಲ. ಕೊನೆಗೆ ವರದಿಯಲ್ಲಿ ನಿಂತದ್ದು ಈ ಮೂರು ಸಾಲು:

ಎರಡು ಪದವಿ ಒಟ್ಟಿಗೆ ಓದುತ್ತಿರುವ ಹದಿನಾಲ್ಕು ಜನರ ಸಮುದಾಯ ಎರಡನ್ನೂ ಕಳೆದುಕೊಳ್ಳುವ ಅಪಾಯದಲ್ಲಿದೆ. ಕಾರಣ, ಎರಡು ಸಂಸ್ಥೆಗಳು ಒಂದು ಇನ್ನೊಂದರ ವೇಳಾಪಟ್ಟಿಯನ್ನು ನೋಡದಿರುವುದು. ಕುರುಹು, ಬುಧವಾರ ಕಾಲೇಜಿನ ಆಸ್ಪತ್ರೆ ತರಬೇತಿ ಹನ್ನೆರಡೂವರೆಗೆ ಮುಗಿಯುತ್ತದೆ, ವಿಶ್ವವಿದ್ಯಾಲಯದ ಪಾಠ ಒಂದು ಗಂಟೆಗೆ ಶುರುವಾಗುತ್ತದೆ, ಎರಡಕ್ಕೂ ಹಾಜರಾತಿ ಕಡ್ಡಾಯ, ನಡುವೆ ತೊಂಬತ್ನಾಲ್ಕು ಮೈಲಿ ಇದೆ.

ಓದಿ ನೋಡು. ಬೈಗುಳ ಒಂದೂ ಇಲ್ಲ. ಆದರೆ ಇದನ್ನು ಓದಿದ ಮೇಲೆ ಯಾವ ಡೀನೂ 'ನಿಮಗೆ ಬರಲು ಮನಸ್ಸಿಲ್ಲ' ಎನ್ನಲಾರ. ಮನಸ್ಸಿದ್ದರೂ ಬರಲು ಹೆಲಿಕಾಪ್ಟರ್ ಬೇಕು. ಕೂಗುವುದನ್ನು ಬಿಟ್ಟೆ ಅಂದುಕೊಳ್ಳಬೇಡ. ನಾನು ಕೂಗುತ್ತೇನೆ, ಸಾಯುವವರೆಗೂ ಕೂಗುತ್ತೇನೆ, ಈ ದೇಶದಲ್ಲಿ ಬಡವರ ಮಕ್ಕಳು ಓದಬೇಕಾದರೆ ಕೂಗಲೇಬೇಕು. ಆದರೆ ಎದುರಿನವನು ಕಿವಿ ಮುಚ್ಚಿಕೊಂಡಾಗ ಅವನ ಕಣ್ಣ ಮುಂದೆ ಹಿಡಿಯಲು ಒಂದು ಹಾಳೆ ಕೈಯಲ್ಲಿರಲಿ. ಅದನ್ನು ಕಲಿಸಿದ್ದು ಆ ಒಣಕಡ್ಡಿ. ಅವರು ನಮ್ಮ ಕಡೆ ಎಂದು ಬಾಯಲ್ಲಿ ಒಂದು ದಿನವೂ ಹೇಳಲಿಲ್ಲ. ಪ್ರತಿ ಬುಧವಾರ ನಮ್ಮ ಕರಡನ್ನು ಕೊರೆದು ಕೊರೆದು ಚೂರಿ ಮಾಡಿ ಕೊಟ್ಟರು.

ಅಂಕ ಎಷ್ಟು ಬಂತು ಗೊತ್ತಾ? ತೊಂಬತ್ತೇಳು. ಮೂರು ಹೋದದ್ದು ಉಲ್ಲೇಖಗಳ ಪಟ್ಟಿಯಲ್ಲಿ ಒಂದು ಕಡೆ ಅಲ್ಪವಿರಾಮದ ಬದಲು ಚುಕ್ಕೆ ಇಟ್ಟದ್ದಕ್ಕೆ. ಬ್ರಿಸೇಯ್ದಾ ಕಿರುಚಿದಳು: "ದೊಡ್ಡಮ್ಮಾ, ಕಾಲೇಜನ್ನೇ ಅಲ್ಲಾಡಿಸೋಕೆ ಹೊರಟ್ಯಲ್ಲ, ಒಂದು ಅಲ್ಪವಿರಾಮ ಇಡೋಕಾಗ್ಲಿಲ್ವಾ?" ಅವಳು ನನ್ನನ್ನು ದೊಡ್ಡಮ್ಮ ಅನ್ನುವುದು ಪ್ರೀತಿಗಲ್ಲ, ವಯಸ್ಸಿಗೆ. ಅಂಕ ಕೊಟ್ಟ ಮೇಲೆ ಪ್ರೊಫೆಸರ್ ಫ್ಲಾಸ್ಕು ಮುಚ್ಚುತ್ತ ಒಂದು ಮಾತು ಹೇಳಿದರು. ಪಾಠದ ನಿಯಮದ ಪ್ರಕಾರ ವರದಿಯನ್ನು ಅದರ ಬಗ್ಗೆ ಏನಾದರೂ ಮಾಡಬಲ್ಲವರ ಕೈಗೆ ತಲುಪಿಸಬೇಕು, ಅವರು ಯಾರು ಎಂದು ನೀವೇ ಯೋಚಿಸಿ. ಹೇಳಿ ಕಾರು ಹತ್ತಿದರು. ಆ ತಿಂಗಳ ನಗು ಅವತ್ತು ಬಂತು, ಕಾರಿನ ಗಾಜಿನ ಹಿಂದೆ, ನಾನೇ ನೋಡಿದೆ.

ಯೋಚಿಸಿದೆವು. ಕಾಲೇಜಿನ ಐದು ಜನ ಆಡಳಿತ ಸದಸ್ಯರು ಈ ಕೌಂಟಿಯ ಜನರ ಓಟಿನಿಂದ ಬಂದವರು. ಒಬ್ಬ ಟೈರು ಅಂಗಡಿಯವ, ಒಬ್ಬಳು ನಿನ್ನ ಹಳೆಯ ಗಣಿತದ ಟೀಚರ್. ಐದೂ ಜನಕ್ಕೆ ವರದಿ ಕೈಯಾರೆ ಮುಟ್ಟಿಸಿದೆವು. ಕೇಳಿದ್ದು ಒಂದೇ: ಜನವರಿಯಿಂದ ಮೇವರೆಗೆ, ಹದಿನಾರು ಬುಧವಾರ, ಪಾಠ ಇಲ್ಲೇ ನಡೆಯಬೇಕು. ಅವರ ಮುಂದಿನ ಸಭೆಯಲ್ಲಿ ಮಾತಾಡಲು ನಮಗೆ ಮೂರು ನಿಮಿಷ ಕೊಟ್ಟಿದ್ದಾರೆ. ಮಾತಾಡುವವಳು ನಾನು ಎಂದು ಹದಿಮೂರು ಕೈ ಎದ್ದವು. ಅಜ್ಜಿಗೆ ಹೇಳಿದರೆ ಮೂಗು ಮುರಿದಳು. "ಮೂರು ನಿಮ್ಷಾನಾ? ನಾವು ಗಣಿ ಗೇಟಲ್ಲಿ ಹದಿನೆಂಟು ತಿಂಗ್ಳು ನಿಂತಿದ್ವಿ. ಮೂರು ನಿಮ್ಷದಲ್ಲಿ ನಿನಗೆ ಕೆಮ್ಮೋಕೂ ಆಗಲ್ಲ." ಹಾಗೆಂದವಳು ಈಗ ದಿನಾ ಬೆಳಿಗ್ಗೆ ಮೊಟ್ಟೆ ಬೇಯಿಸುವಾಗ ಹೊತ್ತು ನೋಡುವ ಪುಟ್ಟ ಗಡಿಯಾರ ಹಿಡಿದು ನನ್ನ ಮುಂದೆ ಕೂರುತ್ತಾಳೆ. ನಿನ್ನೆ ಮೂರು ನಿಮಿಷ ಹನ್ನೊಂದು ಸೆಕೆಂಡ್ ಬಂತು. "ಹನ್ನೊಂದು ಸೆಕೆಂಡ್ ಕಿತ್ತಾಕು. ಆ ದೇವರ ಹೆಸರು ತಗೊಂಡಿದೀಯಲ್ಲ, ಅಲ್ಲಿ ಕಿತ್ತಾಕು. ದೇವರಿಗೆ ಓಟಿಲ್ಲ" ಅಂದಳು. ದಿನಕ್ಕೆರಡು ಸಲ ಜಪಮಾಲೆ ಹಿಡಿಯುವವಳ ಬಾಯಲ್ಲಿ ಈ ಮಾತು!

ಸರಿ, ನಾಲ್ಕು ಗಂಟೆಗೆ ಆಶ್ರಮದಲ್ಲಿ ನನ್ನ ಪಾಳಿ. ಹದಿನೆಂಟನೇ ಕೋಣೆಯ ಮುದುಕ ನೀನು ಯಾವ ಹಡಗಿನಲ್ಲಿದ್ದೀಯ ಎಂದು ನನ್ನನ್ನು ದಿನಾ ಕೇಳುತ್ತಾನೆ. ಇನ್ನೂ ಹಡಗಿಲ್ಲ ತಾತಾ, ಬರೀ ಬೂಟಿದೆ ಅನ್ನುತ್ತೇನೆ. ಡಿಸೆಂಬರಿನಲ್ಲಿ ನಿನ್ನ ಪಥಸಂಚಲನಕ್ಕೆ ನಾನೂ ಅಜ್ಜಿಯೂ ಬಸ್ಸಿನಲ್ಲಿ ಹೊರಟು ಬರುತ್ತೇವೆ. ಅವಳು ಎದ್ದು ನಿಂತು ನಿನ್ನ ಹೆಸರು ಕೂಗುತ್ತಾಳೆ, ಕೂಗಬೇಡ ಎಂದು ನಾನು ಹೇಳುವುದಿಲ್ಲ, ನೀನು ಮಾತ್ರ ಸಾಲಿನಲ್ಲಿ ನಗಬೇಡ. ಲೆಲ್ಯಾಂಡ್ ನಮಸ್ಕಾರ ಹೇಳಿದ್ದಾನೆ, ಬ್ರಿಸೇಯ್ದಾ ಮುತ್ತು ಕಳಿಸಿದ್ದಾಳೆ, ಅವಳ ಕೂಸು ಈ ಪುಟದ ಮೂಲೆ ಕಚ್ಚಿದೆ. ಹೊಟ್ಟೆ ತುಂಬ ತಿನ್ನು. ಯಾರು ಎಷ್ಟೇ ಕೂಗಲಿ, ನಿನ್ನ ಬೆನ್ನು ನೇರವಾಗಿರಲಿ, ಮನಸ್ಸು ತಣ್ಣಗಿರಲಿ. ನನ್ನ ಆಯಸ್ಸಿನಲ್ಲಿ ಬೇಕಾದಷ್ಟು ನಿನಗೆ ಸೇರಲಿ.

ನಿನ್ನ ಅಮ್ಮ,
ಒಟಿಲಿಯಾ ಬರ್ರಾಸಾ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಇದನ್ನು ಬರೆಯಲೇಬೇಕು. ಇಷ್ಟು ಪುಟ ಸುತ್ತಾಡಿದ್ದೇ ಇದನ್ನು ಬರೆಯಲು ಧೈರ್ಯ ಸಾಲದೆ. ಶುಕ್ರವಾರ ಡೀನ್ ಹ್ಯಾಲ್ವರ್ಸನ್ ನನ್ನೊಬ್ಬಳನ್ನೇ ಕರೆಸಿದರು. ಕಾಫಿ ಕೊಟ್ಟರು. ವರದಿ ಓದಿದೆ, ಚೆನ್ನಾಗಿದೆ ಅಂದರು. ವಿಶ್ವವಿದ್ಯಾಲಯದವರ ಹತ್ತಿರ ಮನೆಯಿಂದಲೇ ಕಂಪ್ಯೂಟರಿನಲ್ಲಿ ಪಾಠ ಕೇಳುವ ಒಂದು ಸೀಟು ಇದೆಯಂತೆ. ಒಂದೇ ಒಂದು. "ನಿಮ್ಮ ವಯಸ್ಸು, ನಿಮ್ಮ ಅನುಭವ ನೋಡಿ ಅದನ್ನ ನಿಮಗೇ ಕೊಡಿಸ್ಬೇಕು ಅಂತಿದೀನಿ. ಆಮೇಲೆ ಆ ಮೂರು ನಿಮಿಷದ ಭಾಷಣದ ಅಗತ್ಯ ಇರಲ್ಲ ಅಲ್ವಾ?" ಉಳಿದ ಹದಿಮೂರು ಜನ ಎಂದು ಕೇಳಿದೆ. "ಅವ್ರು ಚಿಕ್ಕವ್ರು, ಅವ್ರಿಗೆ ಟೈಮಿದೆ" ಅಂದರು. ಮೇಜಿನ ಮೇಲೆ ಅರ್ಜಿ ತಳ್ಳಿದರು. ಸುಳ್ಳು ಹೇಳುವುದಿಲ್ಲ ಯಾರೆಲಿ, ಪೆನ್ನು ಕೈಗೆ ತೆಗೆದುಕೊಂಡೆ. ಕೌಂಟಿಯ ಖಾಲಿ ಕುರ್ಚಿ ಕಣ್ಣಿಗೆ ಬಂತು, ನಿಮ್ಮ ತಾತ ಬಂದ, ನೀನೂ ಬಂದೆ. ಅರ್ಜಿಯಲ್ಲಿ ವಿದ್ಯಾರ್ಥಿಯ ಹೆಸರು ಎಂದು ಒಂದೇ ಸಾಲಿನ ಜಾಗ ಇತ್ತು. ಅಲ್ಲಿ ಹದಿನಾಲ್ಕು ಹೆಸರು ಬರೆದೆ. ಸಾಲು ಸಾಲಲಿಲ್ಲ, ಅಂಚಿಗೆ ಹೋದೆ, ಕಾಗದ ತಿರುಗಿಸಿ ಹಿಂದೆ ಬರೆದೆ. ಕೊನೆಯ ಹೆಸರು ಲೆಲ್ಯಾಂಡನದು ಬಂದಾಗ ಪೆನ್ನು ಮುಚ್ಚಿ, ಅವರ ಕಡೆ ತಳ್ಳಿ, ಕಾಫಿಗೆ ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ಆ ಒಂದು ಸೀಟು ಇನ್ನು ನನಗಿಲ್ಲ. ಐದು ಜನ ಸದಸ್ಯರು ಇಲ್ಲ ಅಂದರೆ ಮೇ ತಿಂಗಳಲ್ಲಿ ನಿನ್ನ ಅಮ್ಮನ ಕೈಯಲ್ಲಿ ಇರುವುದು ಒಂದೇ ಪದವಿ. ನಿನಗೆ ಸಿಟ್ಟು ಬಂದರೆ ಬರೆದು ಕಳಿಸು, ಕಾಗದದಲ್ಲಿ ಎಷ್ಟು ಬೇಕಾದರೂ ಕೂಗು, ಓದುತ್ತೇನೆ. ಸಭೆ ಕಾಲೇಜಿನ ಲೈಬ್ರರಿಯ ಮಹಡಿಯಲ್ಲಿ, ಡಿಸೆಂಬರ್ ನಾಲ್ಕು, ಗುರುವಾರ, ಸಂಜೆ ಆರೂವರೆಗೆ.